ಸಾಕುಮಕ್ಕಳು ಮತ್ತು ಸಮಾಜದ ಹೊಣೆ

ಕನ್ನಡದ ‘ಸಾಕು’ ಎಂಬ ಶಬ್ದಕ್ಕೆ ಎರಡರ್ಥಗಳುಂಟು. ಧಾತುವಾದಾಗ ಅದು ‘ಪೋಷಿಸು’ ಎಂದೂ ಅವ್ಯಯವಾದಾಗ ‘ಇನ್ನು ಬೇಡ’ ಎಂದೂ ಅರ್ಥ ಕೊಡುತ್ತದೆ. ಹೆತ್ತವರ ಆಸರೆ ತಪ್ಪಿದ ಮಕ್ಕಳ ಬಾಳು ಈ ಎರಡರ್ಥಗಳ ನಡುವೆ ತೂಗಾಡುತ್ತಿರುತ್ತದೆ.

ಅನ್ಯರ ಮಗುವನ್ನು ಸಾಕುವುದು ಈ ನಾಡಿಗೆ ಹೊಸತಲ್ಲ. ದೇವಕಿಯ ಕಂದನು ಯಶೋದೆಯ ಮಡಿಲಲ್ಲಿ ಬೆಳೆದನು. ಕುಂತಿಯು ನೀರಿಗೆ ಬಿಟ್ಟ ಶಿಶುವು ಸಾಕುತಾಯಿಯ ಹೆಸರಿನಿಂದಲೇ ರಾಧೇಯನೆನಿಸಿತು. ಈ ಪುರಾತನ ಧರ್ಮಕ್ಕೆ 2015ರ ಬಾಲನ್ಯಾಯ ಕಾಯಿದೆಯು ಶಾಸನದ ರೂಪವನ್ನು ಕೊಟ್ಟಿದೆ. ಅದರ 44ನೆಯ ಪ್ರಕರಣದಂತೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ಯೋಗ್ಯವಾದ ಕುಟುಂಬವೊಂದಕ್ಕೆ ಮಗುವಿನ ಪಾಲನೆಯನ್ನು ಒಪ್ಪಿಸಬಹುದು.

ಇದು ದತ್ತಕವಲ್ಲ. ದತ್ತಕದಲ್ಲಿ ಮಗುವು ಹೊಸ ಮನೆತನಕ್ಕೆ ಸೇರಿ ಅಲ್ಲಿಯ ಹಕ್ಕುಗಳಿಗೆ ಭಾಗಿಯಾಗುತ್ತದೆ. ಪೋಷಕತ್ವದಲ್ಲಿ ಸಾಕುವ ಭಾರ ಮಾತ್ರ ಮತ್ತೊಬ್ಬರದು. ಮೊದಲು ಅಧಿಕಾರಿಗಳು ಆ ಮನೆಯ ಸ್ಥಿತಿಗತಿಗಳನ್ನು ಪರಿಶೀಲಿಸುತ್ತಾರೆ. ಅನಂತರವೂ ಆಗಾಗ ಬಂದು ಮಗುವಿನ ಯೋಗಕ್ಷೇಮವನ್ನು ವಿಚಾರಿಸುತ್ತಾರೆ. ವಿವಾಹಿತ ದಂಪತಿಗಳಲ್ಲದೆ 35 ವರ್ಷ ತುಂಬಿದ ಅವಿವಾಹಿತರು, ವಿಧವೆಯರು, ವಿಧುರರು ಸಹ ಮಗುವನ್ನು ಸಾಕಬಹುದೆಂದು 2024ರ ಮಾರ್ಗಸೂಚಿಯು ಅವಕಾಶವಿತ್ತಿದೆ. ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿಗಳ ನೆರವನ್ನು ಗೊತ್ತುಪಡಿಸಲಾಗಿದೆ.

ಆದರೆ ನಿಜವಾದ ಪರೀಕ್ಷೆಯು 18ನೆಯ ವಯಸ್ಸಿನಲ್ಲಿ ಬರುತ್ತದೆ. ಅಂದಿಗೆ ಬಾಲ್ಯವು ಮುಗಿಯಿತೆಂದು ಕಾನೂನು ಹೇಳುತ್ತದೆ. ಬಾಲಮಂದಿರದ ಬಾಗಿಲು ಹಿಂದೆ ಉಳಿಯುತ್ತದೆ. ಮನೆಯುಳ್ಳ ಮಕ್ಕಳಿಗೆ ಅದು ಕಾಲೇಜು ಮೆಟ್ಟಿಲೇರುವ ಕಾಲ. ಇವರಿಗೋ ಬಾಡಿಗೆಯ ಕೋಣೆ, ಕೂಳು, ಕೆಲಸ ಇವೆಲ್ಲವನ್ನೂ ಒಮ್ಮೆಗೇ ಅರಸಬೇಕಾದ ಕಾಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಿಲ್ಲ. ಹಬ್ಬ ಬಂದರೆ ಹೋಗಲು ಊರಿಲ್ಲ. ಇಂಥವರಿಗಾಗಿಯೇ ಕಾಯಿದೆಯ 46ನೆಯ ಪ್ರಕರಣವು ಅನುಪಾಲನೆಗೆ ಎಡೆಮಾಡಿದೆ. 21 ವರ್ಷದವರೆಗೆ, ಅಗತ್ಯವಿದ್ದಲ್ಲಿ 23ರವರೆಗೆ ನೆರವು ದೊರೆಯಬಹುದು.

ಹಣವೊಂದರಿಂದಲೇ ಬಾಳು ನೆಲೆಗೊಳ್ಳದು. ಇಲ್ಲಿ ಸಮಾಜದ ಪಾಲೂ ಇದೆ. ಅಧ್ಯಾಪಕರು ಇಂತಹ ವಿದ್ಯಾರ್ಥಿಯ ಪ್ರಮಾಣಪತ್ರಗಳನ್ನು ಕ್ರಮಪಡಿಸಿ, ಮುಂದಿನ ವ್ಯಾಸಂಗಕ್ಕೆ ದಾರಿ ತೋರಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ಕೆಲಸ ಕಲಿಸಬಹುದು. ದಾನಿಗಳು ಒಬ್ಬ ತರುಣನ ಅಥವಾ ತರುಣಿಯ ಶುಲ್ಕವನ್ನೂ ವಸತಿಯ ವೆಚ್ಚವನ್ನೂ ವಹಿಸಿಕೊಳ್ಳಬಹುದು. ಮಗುವನ್ನು ಸಾಕಲು ಮನಸ್ಸುಳ್ಳವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು.

ಹದಿನೆಂಟು ತುಂಬಿದ ಮಾತ್ರಕ್ಕೆ ಯಾವ ತಾಯಿಯೂ ತನ್ನ ಮಗುವಿಗೆ ‘ಸಾಕು’ ಎನ್ನುವುದಿಲ್ಲ. ತಾಯಿಯ ಸ್ಥಾನದಲ್ಲಿರುವ ಸಮಾಜವೂ ಆ ಶಬ್ದದ ಮೊದಲನೆಯ ಅರ್ಥವನ್ನೇ ಉಳಿಸಿಕೊಳ್ಳಬೇಕು.