ಆಕಾಶಕ್ಕೆ ಮೈಲುಗಲ್ಲು ನೆಟ್ಟವರು

ಕಲಬುರಗಿಯ ಕುಸನೂರಿನವರಿಗೆ ಬೆಂಗಳೂರು ಎಂದರೆ ಇಡೀ ರಾತ್ರಿಯ ಪ್ರಯಾಣ. ರಸ್ತೆ ಹಿಡಿದರೆ ಆರುನೂರು ಕಿಲೋಮೀಟರಿನ ಆಸುಪಾಸು. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಬಳಿ 2008ರಲ್ಲಿ ಅಡಿಗಲ್ಲು ಕಂಡ ವಿಮಾನ ನಿಲ್ದಾಣ ಹನ್ನೊಂದು ವರ್ಷ ಕುಂಟಿತು. ಕೊನೆಗೂ 2019ರ ನವೆಂಬರ್ 22ರಂದು ಉಡಾನ್ ಯೋಜನೆಯಡಿ ಬೆಂಗಳೂರಿಗೆ ಮೊದಲ ವಿಮಾನ ಹಾರಿತು. ಸುಮಾರು 500 ಕಿ.ಮೀ., ಒಂದು ತಾಸಿನ ಹಾರಾಟದಲ್ಲಿ ಒಂದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ ಎಂದು ಆ ಯೋಜನೆ ಶುರುವಿನಲ್ಲೇ ಹೇಳಿತ್ತು. ದುಡ್ಡಿನ ಮಾತು ಬಂದ ಮೇಲೆ ದೂರ ಎಷ್ಟೆಂದು ಕೇಳಲೇಬೇಕಲ್ಲ!

ಕಾಗದದಲ್ಲೇ ಲೆಕ್ಕ ಹಾಕಬಹುದು. ಕಲಬುರಗಿ ನಿಲ್ದಾಣದ ಅಕ್ಷಾಂಶ 17 ಡಿಗ್ರಿ 18 ಮಿನಿಟು, ಬೆಂಗಳೂರಿನದು 13 ಡಿಗ್ರಿ 12 ಮಿನಿಟು. ವ್ಯತ್ಯಾಸ 246 ಮಿನಿಟು. ಅಕ್ಷಾಂಶದ ಒಂದು ಮಿನಿಟು ಅಂದರೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ, 1,852 ಮೀಟರ್. ರೇಖಾಂಶದ ಅಂತರ 45 ಮಿನಿಟು. ಆದರೆ ಸಮಭಾಜಕದಿಂದ ದೂರ ಸರಿದಂತೆ ರೇಖಾಂಶಗಳು ಒತ್ತೊತ್ತಾಗುವುದರಿಂದ ಅದನ್ನು ನಡುವಿನ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. 43 ಉಳಿಯುತ್ತದೆ. ಮುಂದೆ ಹೈಸ್ಕೂಲಿನ ಪೈಥಾಗರಸ್: ಸುಮಾರು 250 ನಾಟಿಕಲ್ ಮೈಲಿ, ಅಂದರೆ 463 ಕಿ.ಮೀ. ಖಂಡ ದಾಟುವ ದೂರಗಳಿಗೆ ಈ ಸಲೀಸು ಉಪಾಯ ಸಾಲದು. ಅಲ್ಲಿಗೆ ಗುಂಡು ಮೇಲ್ಮೈಯ ದೂರ ಕೊಡುವ, ಹಡಗಿನವರ ಹಳೆಯ ಹಾವರ್ಸೈನ್ ಸೂತ್ರದಂಥದ್ದು ಬೇಕು.

ಆ 463 ಕೂಡ ಪೂರಾ ಸರಿಯಲ್ಲ. ಭೂಮಿ ಗುಂಡಗಿದೆ ಎಂದುಕೊಂಡು ಬಂದ ಉತ್ತರ ಅದು. ಧ್ರುವಗಳಲ್ಲಿ ಭೂಮಿ ಚಪ್ಪಟೆ. ನಮ್ಮ ಕಡೆ ಒಂದು ಡಿಗ್ರಿ ಅಕ್ಷಾಂಶ 110.6 ಕಿ.ಮೀ. ಮಾತ್ರ, ಧ್ರುವದ ಹತ್ತಿರ 111.7. ಇದನ್ನು ಲೆಕ್ಕಕ್ಕೆ ಹಿಡಿದರೆ ಬೆಂಗಳೂರು ಸುಮಾರು ಎರಡು ಕಿ.ಮೀ.ನಷ್ಟು ಹತ್ತಿರವಾಗುತ್ತದೆ.

ಆ ಎರಡು ಕಿಲೋಮೀಟರಿನ ಹಿಂದೆ ನಮ್ಮ ಸೀಮೆಯಲ್ಲಿ ಭೂಮಿಯ ಆಕಾರ ಅಳೆದ ಕಥೆ ಇದೆ. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಎಳೆದು ಮೈಸೂರು ಸರ್ವೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್, ಕೋನ ಅಳೆಯುವ ಅರ್ಧ ಟನ್ ತೂಕದ ಥಿಯೋಡಲೈಟ್ ಹೊರಿಸಿಕೊಂಡು ಉತ್ತರಕ್ಕೆ ನಡೆದು 1815ರಲ್ಲಿ ಬೀದರ್ ಬಳಿ ಮತ್ತೊಂದು ಆಧಾರರೇಖೆ ಅಳೆದ. ಸರಪಳಿ ನೆಲದ ಮೇಲೆ ಎಳೆದದ್ದು ಇಂಥ ಆಧಾರರೇಖೆಗಳಲ್ಲಷ್ಟೇ. ಉಳಿದದ್ದೆಲ್ಲ ಗುಡ್ಡದಿಂದ ಗುಡ್ಡಕ್ಕೆ ಕೋನ ನೋಡಿ ಕಟ್ಟಿದ ತ್ರಿಕೋನಗಳು. 1823ರಲ್ಲಿ ಹಿಂಗನಘಾಟದಲ್ಲಿ ಅವನು ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಕೆಲಸ ಮುಂದುವರಿಸಿದ. ಬೀದರ್ ಸಮೀಪದ ದಾಮರಗಿದ್ದದಿಂದ ಮಧ್ಯ ಭಾರತದ ಕಲ್ಯಾಣಪುರದವರೆಗಿನ ಅಳತೆಯನ್ನು 1830ರಲ್ಲಿ ಪ್ರಕಟಿಸಿದ. ಭೂಮಿಯ ಆಕಾರಕ್ಕೆ ಅವನು ಕೊಟ್ಟ ಅಂಕಿಗಳ ಮೇಲೆಯೇ ಭಾರತದ ನಕ್ಷೆಗಳು ಬಹುಕಾಲ ನಿಂತವು. ಶಿಖರಕ್ಕೆ ಹೆಸರು ಬಿದ್ದದ್ದರಿಂದ ಎವರೆಸ್ಟ್ ಎಲ್ಲರಿಗೂ ಗೊತ್ತು. ಬಿಸಿಲಲ್ಲಿ ಬೆಂದ ಲ್ಯಾಂಬ್ಟನ್‌ನನ್ನು ಕೇಳುವವರಿಲ್ಲ. ಈಗ ಎವರೆಸ್ಟ್ ಕೊಟ್ಟ ಅಂಕಿಗಳ ಜಾಗದಲ್ಲಿ ಜಿಪಿಎಸ್ ಬಳಸುವ 1984ರ ಜಾಗತಿಕ ಮಾದರಿ ಇದೆ.

ಇಷ್ಟೆಲ್ಲ ಮಾಡಿಯೂ ಈ ನೇರ ಗೆರೆಯ ಮೇಲೆ ವಿಮಾನ ಹಾರುವುದಿಲ್ಲ. ಕಲಬುರಗಿಯ 3,175 ಮೀಟರ್ ರನ್‌ವೇ ಪೂರ್ವ–ಪಶ್ಚಿಮ, ಬೆಂಗಳೂರಿನವೂ ಹಾಗೆಯೇ, ಹೋಗಬೇಕಾದದ್ದು ದಕ್ಷಿಣಕ್ಕೆ. ಏರಿದ ಮೇಲೊಂದು ತಿರುವು, ಇಳಿಯುವ ಮುಂಚೆ ಇನ್ನೊಂದು. ಇಂಧನ ಎಷ್ಟು ಬೇಕೆಂದು ಲೆಕ್ಕ ಹಾಕುವವರು ಹಿಡಿಯುವುದು ಈ ಸುತ್ತುದಾರಿಯನ್ನು, ಜೊತೆಗೆ ಎದುರುಗಾಳಿಯನ್ನು.