ಕಡಲು ಕೆಟ್ಟಿದ್ದಾಗ ಕಾಯುವುದು: ತಪ್ಪು ಕಲ್ಪನೆ ಮತ್ತು ವಾಸ್ತವ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಮೂವತ್ತು-ನಲವತ್ತು ಅಡಿಯ ಹಾಯಿದೋಣಿಗಳು ದಡ ಹಿಡಿದು ಪಶ್ಚಿಮಕ್ಕೆ ಹೊರಡುತ್ತವೆ. ದೋಣಿಯಲ್ಲಿ ಗಂಡ-ಹೆಂಡತಿ ಇರಬಹುದು, ಇಬ್ಬರು ಗೆಳೆಯರಿರಬಹುದು, ಕೆಲವೊಮ್ಮೆ ಜೊತೆಗೆ ಮಕ್ಕಳೂ ಇರುತ್ತಾರೆ. ಸೋಲೆಂಟ್ ಜಲಸಂಧಿ ಬಿಟ್ಟರೆ ಪೂಲ್, ಆಮೇಲೆ ವೇಮತ್, ಡಾರ್ಟ್‌ಮತ್, ಸಾಲ್ಕಂಬ್, ಕೊನೆಗೆ ಫಾಲ್ಮತ್. ನಕಾಶೆಯಲ್ಲಿ ನೋಡಿದರೆ ಗೇಣುದ್ದದ ದಾರಿ. ಆದರೆ ಅಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ನೈಋತ್ಯದಿಂದ, ಅಂದರೆ ಎದುರಿನಿಂದಲೇ. ಅಟ್ಲಾಂಟಿಕ್‌ನಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ಜುಲೈ-ಆಗಸ್ಟ್‌ನಲ್ಲೂ ಬಂದು ಹೋಗುತ್ತವೆ. ಹಾಗಾಗಿ ರಜೆಯ ಒಂದಷ್ಟು ದಿನ ಬಂದರಿನಲ್ಲೇ ಕಳೆಯುತ್ತದೆ. ಅದನ್ನು ಪ್ರವಾಸಕ್ಕೆ ಬಿದ್ದ ಕತ್ತರಿ ಎಂದು ಬಹಳ ಮಂದಿ ತಿಳಿದಿದ್ದಾರೆ. ನನಗೆ ಹಾಗನಿಸಿಲ್ಲ. ದೋಣಿ ನಡೆಸುವ ವಿದ್ಯೆಯಲ್ಲಿ ಹಾಯಿ ಬಿಚ್ಚುವುದಕ್ಕೆ ಎಷ್ಟು ಬೆಲೆಯೋ ಬಿಚ್ಚದೆ ಇರುವುದಕ್ಕೂ ಅಷ್ಟೇ ಬೆಲೆ ಇದೆ. ಇದನ್ನು ಒಪ್ಪದವರ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನುರಿತವರು ಕಾಯುವುದಿಲ್ಲ, ಕಾಯುವುದು ಪುಕ್ಕಲರ ಕೆಲಸ

ಡಾರ್ವಿನ್ನನನ್ನು ಹೊತ್ತು ಜಗತ್ತು ಸುತ್ತಿದ ಬೀಗಲ್ ಹಡಗಿನ ಕಪ್ತಾನ ರಾಬರ್ಟ್ ಫಿಟ್ಜ್‌ರಾಯ್ ಆ ಕಾಲದ ನುರಿತ ನಾವಿಕರಲ್ಲಿ ಒಬ್ಬ. 1859ರ ಅಕ್ಟೋಬರ್‌ನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ವೇಲ್ಸ್‌ನ ಆಂಗಲ್ಸಿ ದಡಕ್ಕೆ ಬಡಿದು ಒಡೆದು, ನಾನೂರಕ್ಕೂ ಹೆಚ್ಚು ಜನ ಸತ್ತರು. ಊರು ಮುಟ್ಟಲು ಇನ್ನು ಸ್ವಲ್ಪವೇ ದೂರವಿತ್ತು. ಆಮೇಲೆ ಫಿಟ್ಜ್‌ರಾಯ್ ಹಟ ಹಿಡಿದು ಒಂದು ವ್ಯವಸ್ಥೆ ಕಟ್ಟಿದ. ದೂರದೂರದ ಠಾಣೆಗಳಿಂದ ತಂತಿ ಮೂಲಕ ಹವೆಯ ವಿವರ ತರಿಸಿಕೊಳ್ಳುವುದು, ಬಿರುಗಾಳಿಯ ಸೂಚನೆ ಕಂಡರೆ ಬಂದರುಗಳ ಕಂಬದ ಮೇಲೆ ಶಂಕುವಿನಾಕಾರದ ಗುರುತು ಏರಿಸುವುದು. 1861ರಿಂದ ಇದು ನಡೆಯಿತು. ಗುರುತು ಏರಿತೆಂದರೆ ನಾವಿಕರು ಕಾದು ನೋಡಬೇಕು ಎಂದರ್ಥ. ಅವನು ತೀರಿಕೊಂಡ ಮೇಲೆ, 1866ರಲ್ಲಿ, ಇದಕ್ಕೆ ವೈಜ್ಞಾನಿಕ ಆಧಾರ ಸಾಲದೆಂದು ಎಚ್ಚರಿಕೆ ನಿಲ್ಲಿಸಿದರು. ಮರುವರ್ಷವೇ ಮತ್ತೆ ಶುರು ಮಾಡಬೇಕಾಯಿತು, ಏಕೆಂದರೆ ಅದು ಬೇಕೇ ಬೇಕೆಂದು ಕೇಳಿದವರು ಕಡಲಿಗಿಳಿಯುವವರು. ಪುಕ್ಕಲರೆಂದು ಅವರನ್ನು ಯಾರು ಕರೆದಾರು?

ನಮ್ಮ ಪಶ್ಚಿಮ ಕರಾವಳಿಯ ಪತ್ತೆಮಾರಿ, ಮಚ್ವೆಗಳವರೂ ಇದನ್ನೇ ಮಾಡಿದವರು. ಮಳೆಗಾಲ ಹತ್ತಿರವಾದಂತೆ ದಡ ಸೇರಿದರೆ, ಮತ್ತೆ ಕಡಲಿಗಿಳಿಯುತ್ತಿದ್ದದ್ದು ಅದರ ಅಬ್ಬರ ಇಳಿದ ಮೇಲೆಯೇ.

ತಪ್ಪು ಕಲ್ಪನೆ: ಗಾಳಿ ಸ್ವಲ್ಪ ಹೆಚ್ಚಿದೆ, ಅಷ್ಟೇ

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. 20 ನಾಟ್ ಗಾಳಿ 30ಕ್ಕೇರಿದರೆ ಹೊರೆ ಎರಡು ಪಟ್ಟನ್ನೂ ದಾಟಿತು. ಲೆಕ್ಕ ಇಷ್ಟೇ.

ತಪ್ಪು ಕಲ್ಪನೆ: ಗಾಳಿ ಇಳಿದ ಕೂಡಲೇ ಹೊರಡಬಹುದು

ಬಂದರಿನೊಳಗೆ ನಿಂತು ನೋಡುವವರನ್ನು ಅತಿ ಹೆಚ್ಚು ಮೋಸಗೊಳಿಸುವ ನಂಬಿಕೆ ಇದು. ಗಾಳಿ ಬೆಳಗಾಗುವುದರೊಳಗೆ ಇಳಿಯಬಹುದು, ಅದು ಎಬ್ಬಿಸಿದ ಅಲೆ ಇಳಿಯುವುದಕ್ಕೆ ಇನ್ನೂ ಹೊತ್ತು ಬೇಕು. ಗಾಳಿಯಿಲ್ಲದೆ ಅಲೆ ಮಾತ್ರ ಉಳಿದ ಕಡಲು ಹಾಯಿದೋಣಿಗೆ ಹಿಂಸೆ. ಹಾಯಿಗೆ ಬಲ ಸಿಗದೆ ದೋಣಿ ಅತ್ತಿಂದಿತ್ತ ಹೊರಳುತ್ತದೆ, ಒಳಗಿದ್ದವರಿಗೆ ಹೊಟ್ಟೆ ತೊಳಸುತ್ತದೆ, ಸುಸ್ತಾದ ತಲೆಯಿಂದ ಸರಿಯಾದ ತೀರ್ಮಾನ ಹೊರಡುವುದಿಲ್ಲ.

ಗಾಳಿಗಿಂತ ದೊಡ್ಡ ಲೆಕ್ಕ ನೀರಿನ ಹರಿವಿನದು. ವೇಮತ್‌ನಿಂದ ಪಶ್ಚಿಮಕ್ಕೆ ಹೋಗುವವರು ಪೋರ್ಟ್‌ಲ್ಯಾಂಡ್ ಬಿಲ್ ಎಂಬ ಭೂಶಿರವನ್ನು ದಾಟಲೇಬೇಕು. ಕಡಲಿಗೆ ಚಾಚಿದ ಕಲ್ಲಿನ ಮೂಗು ಅದು. ಉಬ್ಬರ-ಇಳಿತದ ನೀರು ಆ ಮೂಗಿನ ಎರಡೂ ಬದಿಯಿಂದ ದಕ್ಷಿಣಕ್ಕೆ ಧುಮುಕಿ, ಇಂಗ್ಲಿಷ್ ಕಾಲುವೆಯ ಮುಖ್ಯ ಹರಿವಿಗೆ ಅಡ್ಡಲಾಗಿ ಸೇರುತ್ತದೆ. ಸೇರುವ ಜಾಗದಲ್ಲೇ ನೀರಿನಡಿ ಕಲ್ಲಿನ ದಿಬ್ಬವಿದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಅಲ್ಲಿನ ಹರಿವು 7 ನಾಟ್ ಮೀರುತ್ತದೆ. ಸಾಮಾನ್ಯ ಹಾಯಿದೋಣಿಯ ವೇಗ ಐದಾರು ನಾಟ್. ಅಂದರೆ ಎಂಜಿನ್ ಹಾಕಿ, ಹಾಯಿ ಬಿಚ್ಚಿ, ಮುಂದಕ್ಕೆ ಹೋಗುತ್ತಿದ್ದೇವೆ ಎಂದುಕೊಂಡೇ ಹಿಂದಕ್ಕೆ ಸರಿಯುತ್ತಿರಬಹುದು. ಆ ಹರಿವಿಗೆ ಎದುರಾಗಿ ಗಾಳಿ ಬೀಸಿತೆಂದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಎದ್ದು ನಿಲ್ಲುತ್ತವೆ. ಶಾಂತ ಹವೆಯಲ್ಲೂ ಆ ಜಾಗದ ನೀರು ಕುದಿಯುವುದು ದಡದ ದೀಪಸ್ತಂಭದ ಬಳಿ ನಿಂತರೆ ಬರಿಗಣ್ಣಿಗೆ ಕಾಣುತ್ತದೆ.

ದಾಟಲು ಎರಡು ದಾರಿಗಳಿವೆ. ಒಂದು, ಭೂಶಿರದಿಂದ ಮೂರರಿಂದ ಐದು ಮೈಲಿ ದೂರ ಸರಿದು ಸುತ್ತು ಹಾಕುವುದು. ಇನ್ನೊಂದು, ಕಲ್ಲು ಮತ್ತು ಕುದಿನೀರಿನ ನಡುವಿನ ಕಿರಿದಾದ ಓಣಿಯಲ್ಲಿ, ಹವೆ ಒಳ್ಳೆಯದಿದ್ದಾಗ, ಹಗಲು ಹೊತ್ತಿನಲ್ಲಿ, ನೀರು ತಿರುಗುವ ಸಮಯವನ್ನು ಗಡಿಯಾರ ನೋಡಿ ಹಿಡಿಯುವುದು. ಯಾವ ದಾರಿಯಾದರೂ ದಾಟಿದ ಮೇಲೆ ಲೈಮ್ ಕೊಲ್ಲಿ ತೆರೆದುಕೊಳ್ಳುತ್ತದೆ. ಡಾರ್ಟ್‌ಮತ್‌ಗೆ ಇನ್ನೂ 40 ನಾಟಿಕಲ್ ಮೈಲಿಗೆ ಮೇಲ್ಪಟ್ಟು ದೂರ, ಎಂಟು-ಒಂಬತ್ತು ಗಂಟೆಯ ದಾರಿ. ನಡುವೆ ಸಣ್ಣಪುಟ್ಟ ಬಂದರುಗಳಿವೆಯಾದರೂ ದಡದ ಕಡೆಗೆ ಗಾಳಿ ಜೋರಾಗಿದ್ದಾಗ ಅವುಗಳ ಬಾಯಿಗೆ ಹೋಗುವುದು ಅಪಾಯ. ಹಾಗಾಗಿ ವೇಮತ್‌ನಲ್ಲಿ ಕಾದವರು ಕೇಳಿಕೊಳ್ಳಬೇಕಾದ ಪ್ರಶ್ನೆ ಗಾಳಿ ಈಗ ಎಷ್ಟಿದೆ ಎಂಬುದಕ್ಕೆ ನಿಲ್ಲುವುದಿಲ್ಲ. ಅಲೆ ಇಳಿದಿದೆಯೇ, ನೀರು ಎಷ್ಟು ಹೊತ್ತಿಗೆ ತಿರುಗುತ್ತದೆ, ಮುಂದಿನ ಹತ್ತು-ಹನ್ನೆರಡು ಗಂಟೆ ಹವೆ ಹೀಗೆಯೇ ಇರುತ್ತದೆಯೇ ಎಂಬ ಮೂರಕ್ಕೂ ಒಟ್ಟಿಗೆ ಸರಿಯಾದ ಉತ್ತರ ಸಿಗಬೇಕು.

ತಪ್ಪು ಕಲ್ಪನೆ: ದಾರಿಯಲ್ಲಿ ಕೆಟ್ಟರೆ ಹತ್ತಿರದ ಬಂದರಿಗೆ ನುಗ್ಗಿದರಾಯಿತು

ಈ ಮಾತಿನ ಅಪಾಯ ಹೊನ್ನಾವರದ ಶರಾವತಿ ಅಳಿವೆಯಲ್ಲೋ ಮಂಗಳೂರಿನ ಅಳಿವೆ ಬಾಗಿಲಿನಲ್ಲೋ ದೋಣಿ ನಡೆಸುವವರಿಗೆ ವಿವರಿಸಬೇಕಾಗಿಲ್ಲ. ಆಳದ ಕಡಲಿನಲ್ಲಿ ಉದ್ದುದ್ದ ಉರುಳುವ ಅಲೆ, ಮರಳು ದಿಬ್ಬದ ಮೇಲೆ ಆಳ ಕಡಿಮೆಯಾದಂತೆ ನಿಧಾನಗೊಂಡು, ಎತ್ತರಕ್ಕೆದ್ದು ಮುರಿಯುತ್ತದೆ. ಹೊಳೆಯ ನೀರು ಇಳಿತದಲ್ಲಿ ಹೊರಕ್ಕೆ ಹರಿಯುತ್ತಿದ್ದರೆ ಇನ್ನೂ ಕೆಟ್ಟದು. ಹೊರಗಿನಿಂದ ಬರುವವರಿಗೆ ಕಾಣುವುದು ಅಲೆಯ ನುಣುಪಾದ ಬೆನ್ನು ಮಾತ್ರ. ಮುರಿಯುವ ಮುಖ ಕಾಣುವ ಹೊತ್ತಿಗೆ ದೋಣಿ ಅದರ ಮೇಲೆಯೇ ಇರುತ್ತದೆ.

ಡೆವನ್‌ನ ಸಾಲ್ಕಂಬ್ ಬಂದರಿನ ಬಾಯಲ್ಲೂ ಇಂಥದೇ ದಿಬ್ಬವಿದೆ. 1916ರ ಅಕ್ಟೋಬರ್ 27ರಂದು ವೆಸ್ಟರ್ನ್ ಲ್ಯಾಸ್ ಎಂಬ ಹಾಯಿಹಡಗು ದಡಕ್ಕೆ ಸಿಕ್ಕಿಕೊಂಡಿದೆ ಎಂಬ ಸುದ್ದಿ ಬಂತು. ಊರಿನ 15 ಮಂದಿ ವಿಲಿಯಂ ಆ್ಯಂಡ್ ಎಮ್ಮಾ ಎಂಬ ಜೀವರಕ್ಷಕ ದೋಣಿಯಲ್ಲಿ ಬಿರುಗಾಳಿಗೆ ಹುಟ್ಟು ಹಾಕಿಕೊಂಡು ಹೊರಟರು. ದಿಬ್ಬ ದಾಟಿದರು, ಹಡಗಿನ ಬಳಿಗೂ ಹೋದರು. ಅಷ್ಟರಲ್ಲಿ ಹಡಗಿನವರನ್ನು ದಡದಿಂದಲೇ ಹಗ್ಗ ಹಾರಿಸಿ ಪಾರು ಮಾಡಿಯಾಗಿತ್ತು. ಮರಳಿ ಬರುವಾಗ ಸ್ವಂತ ಬಂದರಿನ ಬಾಯಲ್ಲೇ ದೋಣಿ ಮಗುಚಿ 13 ಮಂದಿ ಸತ್ತರು. ಆ ನೀರನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ.

ಹೊರಟಾದ ಮೇಲೆ ಹವೆ ಕೆಟ್ಟರೆ, ದಡದಿಂದ ದೂರ ಆಳದ ನೀರಿನಲ್ಲೇ ಉಳಿಯುವುದು ಎಷ್ಟೋ ಸಲ ಹೆಚ್ಚು ಕ್ಷೇಮ. ಚಿಕ್ಕದು ಮಾಡಿದ ದೊಡ್ಡ ಹಾಯಿಯನ್ನೂ ಮುಂದಿನ ಹಾಯಿಯನ್ನೂ ಒಂದಕ್ಕೊಂದು ಎದುರು ಕಟ್ಟಿ, ಚುಕ್ಕಾಣಿ ಬಿಗಿದು, ದೋಣಿಯನ್ನು ಬಹುಮಟ್ಟಿಗೆ ನಿಂತಲ್ಲೇ ತೂಗಲು ಬಿಡುವ ವಿಧಾನವಿದೆ. ಅದೂ ಒಂದು ಬಗೆಯ ಕಾಯುವಿಕೆಯೇ. ದೋಣಿ ಮನುಷ್ಯನಿಗಿಂತ ಹೆಚ್ಚು ತಾಳುತ್ತದೆ ಎಂಬುದಕ್ಕೆ 1979ರ ಆಗಸ್ಟ್‌ನ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆ ಸಾಕ್ಷಿ. 303 ದೋಣಿಗಳು ಹೊರಟಿದ್ದವು, ಬಿರುಗಾಳಿಯಲ್ಲಿ 15 ಸ್ಪರ್ಧಿಗಳು ಸತ್ತರು. ಜನ ಬಿಟ್ಟು ಹೋದ 24 ದೋಣಿಗಳಲ್ಲಿ ಮುಳುಗಿದ್ದು ಐದು ಮಾತ್ರ, ಉಳಿದವು ಆಮೇಲೆ ತೇಲುತ್ತಲೇ ಸಿಕ್ಕವು.

ತಪ್ಪು ಕಲ್ಪನೆ: ಲಂಗರು ಹಾಕಿದ ಮೇಲೆ ಚಿಂತೆಯಿಲ್ಲ

ಯಾವ ಕೊಲ್ಲಿಯೂ ಎಲ್ಲ ಗಾಳಿಗೂ ಆಸರೆಯಾಗುವುದಿಲ್ಲ. ಪೂಲ್ ಪಕ್ಕದ ಸ್ಟಡ್‌ಲ್ಯಾಂಡ್ ಕೊಲ್ಲಿ ಪಶ್ಚಿಮದ ಗಾಳಿಗೆ ಒಳ್ಳೆಯ ಮರೆ, ಪೂರ್ವದ ಗಾಳಿಗೆ ಪೂರಾ ಬಯಲು. ಬ್ರಿಕ್ಸ್‌ಹ್ಯಾಮ್ ಇರುವ ಟೋರ್‌ಬೇ ಕೂಡ ಹಾಗೆಯೇ. 1866ರ ಜನವರಿಯಲ್ಲಿ ನೈಋತ್ಯದ ಗಾಳಿಗೆ ಹೆದರಿ ಅಲ್ಲಿ ಲಂಗರು ಹಾಕಿದ್ದ ಹಡಗುಗಳಿಗೆ ರಾತ್ರಿ ಗಾಳಿ ಪೂರ್ವದ ಕಡೆಗೆ ತಿರುಗಿದ್ದೇ ಮೃತ್ಯುವಾಯಿತು. ಮರೆಯಾಗಿದ್ದ ದಡವೇ ಬಡಿಯುವ ದಡವಾಗಿ ಹತ್ತಾರು ಹಡಗುಗಳು ಒಡೆದುಹೋದವು. ಆದ್ದರಿಂದ ಕಾಯುವ ಜಾಗ ಆರಿಸುವಾಗ ಈಗಿನ ಗಾಳಿಯ ಜೊತೆಗೆ ನಾಳೆ ನಸುಕಿನ ಗಾಳಿಯನ್ನೂ ನೋಡಬೇಕು.

ಲಂಗರಿನ ಸರಪಳಿಗೂ ಲೆಕ್ಕವಿದೆ. ಇಳಿತದಲ್ಲಿ ಆಳ 4 ಮೀಟರ್ ಇದೆ ಎನ್ನಿ. ಉಬ್ಬರಕ್ಕೆ 2 ಮೀಟರ್, ನೀರಿನಿಂದ ದೋಣಿಯ ಮೂತಿಗೆ ಇನ್ನೊಂದು ಮೀಟರ್ ಸೇರಿಸಿದರೆ ಒಟ್ಟು 7. ಇದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ ಬಿಟ್ಟರೆ ಎಳೆತ ನೆಲಕ್ಕೆ ಸಮಾನಾಂತರಕ್ಕೆ ಹತ್ತಿರವಾಗಿ ಲಂಗರು ಹೂತುಕೊಳ್ಳುತ್ತದೆ. ಗಾಳಿ ಏರಿದರೆ ಇನ್ನಷ್ಟು ಬಿಡಬೇಕು, ಸರಪಳಿಯ ಬದಲು ಹಗ್ಗವಾದರೆ ಮೊದಲಿನಿಂದಲೇ ಹೆಚ್ಚು ಬೇಕು. ಲಂಗರು ಜಾರುತ್ತಿದೆಯೇ ಎಂದು ತಿಳಿಯಲು ಹಳಬರು ಮೂತಿಯಲ್ಲಿ ಮಂಡಿಯೂರಿ ಸರಪಳಿಯ ಮೇಲೆ ಅಂಗೈ ಇಡುತ್ತಾರೆ. ಹೂತಿದ್ದರೆ ಬಿಗಿತ, ಸಡಿಲ, ಮತ್ತೆ ಬಿಗಿತ. ಜಾರುತ್ತಿದ್ದರೆ ನೆಲದ ಕಲ್ಲು ಕೆರೆಯುವ ಗಡಗಡ ನಡುಕ ಕೈಗೆ ಬರುತ್ತದೆ.

ಬಂದರಿನ ದಕ್ಕೆಗೆ ಕಟ್ಟಿಕೊಂಡವರಿಗೂ ಕೆಲಸ ತಪ್ಪಿದ್ದಲ್ಲ. ಹವೆ ಕೆಟ್ಟಾಗ ವೇಮತ್‌ನಲ್ಲಿ ಜಾಗ ಸಾಲದೆ ಒಂದರ ಮಗ್ಗುಲಿಗೆ ಒಂದರಂತೆ ದೋಣಿಗಳನ್ನು ಕಟ್ಟುತ್ತಾರೆ. ದಕ್ಕೆಗೆ ಅಂಟಿದ ದೋಣಿಯ ಹಗ್ಗ ಎಲ್ಲರ ಭಾರ ಹೊರಬೇಕು. ಹಗ್ಗ ದೋಣಿಯ ಅಂಚಿಗೆ ಉಜ್ಜುವ ಕಡೆ ಹಳೆಯ ನೀರಿನ ಪೈಪಿನ ಗೇಣುದ್ದದ ತುಂಡನ್ನು ಸೀಳಿ ತೊಡಿಸುತ್ತಾರೆ. ತೊಡಿಸದಿದ್ದರೆ ಬೆಳಿಗ್ಗೆ ಎದ್ದು ನೋಡುವಾಗ ಎಳೆಗಳು ಕಿತ್ತು ನೂಲೆದ್ದಿರುತ್ತವೆ. ಪಕ್ಕದ ದೋಣಿಯವರ ಜೊತೆ ಮಾತಾಡಿ, ಎರಡರ ಕೂವೆಮರಗಳು ಹೊಯ್ದಾಟದಲ್ಲಿ ಒಂದಕ್ಕೊಂದು ತಾಗದಂತೆ ದೋಣಿಯನ್ನು ಹಿಂದೆ-ಮುಂದೆ ಸರಿಸಿ ಕಟ್ಟಬೇಕು. ಕಾಯುವ ದಿನಗಳಲ್ಲಿ ಸುಮ್ಮನೆ ಕೂತವರನ್ನು ಕಂಡರೆ ನನಗೆ ಭಯವಾಗುತ್ತದೆ.

ತಪ್ಪು ಕಲ್ಪನೆ: ಫೋನ್ ತೆರೆದರೆ ಎಲ್ಲ ಗೊತ್ತಾಗುತ್ತದೆ

ಫೋನ್ ತೋರಿಸುವ ಸಂಖ್ಯೆ ಸಾಮಾನ್ಯವಾಗಿ ಸರಾಸರಿ ಗಾಳಿಯದು, ಬೀಸು ಅದಕ್ಕಿಂತ ಎಷ್ಟೋ ಜೋರಾಗಿರುತ್ತದೆ. ಅಲೆಯ ಎತ್ತರವೂ ಹಾಗೆಯೇ: ಮುನ್ಸೂಚನೆಯಲ್ಲಿ ಕೊಡುವುದು ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಎರಡು ಮೀಟರ್ ಎಂದಿದ್ದರೆ ನಡುನಡುವೆ ನಾಲ್ಕರ ಹತ್ತಿರದ್ದು ಬರಬಹುದು. ಬ್ರಿಟನ್‌ನ ಹವಾಮಾನ ಇಲಾಖೆ ತಯಾರಿಸಿ ಬಿಬಿಸಿ ರೇಡಿಯೋ ಓದುವ ಶಿಪ್ಪಿಂಗ್ ಫೋರ್‌ಕಾಸ್ಟ್‌ನಲ್ಲಿ ಪ್ರತಿ ಪದಕ್ಕೂ ಗೊತ್ತಾದ ಅಳತೆಯಿದೆ. ಬಿರುಗಾಳಿ ‘ಇಮಿನೆಂಟ್’ ಎಂದರೆ ಆರು ಗಂಟೆಯೊಳಗೆ, ‘ಸೂನ್’ ಎಂದರೆ ಆರರಿಂದ ಹನ್ನೆರಡು ಗಂಟೆಯಲ್ಲಿ, ‘ಲೇಟರ್’ ಎಂದರೆ ಹನ್ನೆರಡು ಗಂಟೆಯ ನಂತರ. ಇದನ್ನು ಕೇಳಿ ಬರೆದುಕೊಂಡು, ದೋಣಿಯ ಬ್ಯಾರೋಮೀಟರನ್ನು ಕೆಲವು ಗಂಟೆಗೊಮ್ಮೆ ನೋಡಿ ಪಕ್ಕದಲ್ಲಿ ನಮೂದಿಸಿದರೆ, ಹೇಳಿದ ಹವೆ ಬೇಗ ಬರುತ್ತಿದೆಯೋ ತಡವಾಗಿಯೋ ಎಂಬುದು ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ರಜೆ ಮುಗಿಯುತ್ತದೆ, ಹೇಗಾದರೂ ದೋಣಿಯನ್ನು ಊರು ಮುಟ್ಟಿಸಲೇಬೇಕು

ದೋಣಿಯ ಮೇಲಿನ ಅತಿ ಅಪಾಯದ ವಸ್ತು ಕ್ಯಾಲೆಂಡರ್. ಸೋಮವಾರ ಆಫೀಸಿದೆ ಎಂಬ ಕಾರಣಕ್ಕೆ ಭಾನುವಾರ ಪೋರ್ಟ್‌ಲ್ಯಾಂಡ್ ದಾಟುವ ತೀರ್ಮಾನವನ್ನು ಕಡಲು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹೊರಡುವ ಮೊದಲೇ ಕೆಲವು ದಿನಗಳನ್ನು ಕಾಯುವುದಕ್ಕೆಂದೇ ಎತ್ತಿಡಬೇಕು. ಮನೆಯವರಿಗೆ ಇಂಥ ದಿನ ಬರುತ್ತೇವೆ ಎಂದು ಮಾತು ಕೊಡಬಾರದು. ನಡುವೆ ಸೇರಿಕೊಳ್ಳುವ ಗೆಳೆಯರಿಗೆ ಊರನ್ನು ಹೇಳಬಹುದು, ಇಲ್ಲವೇ ದಿನವನ್ನು ಹೇಳಬಹುದು, ಎರಡನ್ನೂ ಹೇಳಿದರೆ ಕೊರಳಿಗೆ ಹಗ್ಗ ಹಾಕಿಕೊಂಡಂತೆ. ಅಷ್ಟಾಗಿಯೂ ದಿನ ಮುಗಿದರೆ, ಹಾಯಿ ಕಳಚಿ ಒಳಗಿಟ್ಟು, ಹಗ್ಗಗಳನ್ನು ಜೋಡಿಯಾಗಿ ಕಟ್ಟಿ, ಬಂದರಿನವರಿಗೆ ಫೋನ್ ನಂಬರ್ ಕೊಟ್ಟು ದೋಣಿಯನ್ನು ಅಲ್ಲೇ ಬಿಡಬೇಕು. ವೇಮತ್‌ನಿಂದ ಲಂಡನ್ನಿನ ವಾಟರ್‌ಲೂಗೆ ನೇರ ರೈಲಿದೆ. ಎರಡು ವಾರ ಕಳೆದು ಅದೇ ರೈಲಿನಲ್ಲಿ ಬಂದು, ಉಬ್ಬರ-ಇಳಿತದ ಕೋಷ್ಟಕ ನೋಡಿ ಮುಂದಿನ ದಾರಿ ಹಿಡಿಯಬಹುದು.