ಹೊಸ ಪಿಎಸ್5ಗೆ ಹಳೇ ಕಂಟ್ರೋಲರ್ ನಡೀತದಾ? ಕೊಳ್ಳೋ ಮೊದಲು, ಮಾರೋ ಮೊದಲು ಇದನ್ನು ನೋಡಿ

ಹಾವೇರಿ: ಹೊಸ ಪಿಎಸ್5 ಮನೆಗೆ ಬಂದ ದಿನ ಹೆಚ್ಚಿನ ಮನೆಗಳಲ್ಲಿ ನಡೆಯುವ ಲೆಕ್ಕ ಒಂದೇ. ಡಬ್ಬಿಯೊಳಗೆ ಇರೋದು ಒಂದು ಕಂಟ್ರೋಲರ್, ಆಡೋರು ಅಣ್ಣ-ತಮ್ಮ ಇಬ್ಬರು. "ಹಳೇ ಪಿಎಸ್4ದು ಕಪಾಟಿನ್ಯಾಗ ಐತೆಲ್ಲ, ಅದನ್ನ ಹಾಕಿದ್ರಾತು" ಅಂತ ತೀರ್ಮಾನ ಆಗುತ್ತದೆ. ಹಾಕಿದರೆ ದೀಪ ಹತ್ತುತ್ತದೆ, ಮೆನು ಓಡುತ್ತದೆ. ಆಟ ತೆರೆದ ಕೂಡಲೇ ಪರದೆ ಮೇಲೆ ಸೂಚನೆ ಬರುತ್ತದೆ: ಈ ಕಂಟ್ರೋಲರ್‌ನಿಂದ ಪಿಎಸ್5 ಆಟ ಆಡಲು ಬರುವುದಿಲ್ಲ.

ಕಂಟ್ರೋಲರ್ ಕೆಟ್ಟಿದೆ ಅಂತ ಒಬ್ಬರು, ಮಷಿನೇ ಡುಪ್ಲಿಕೇಟ್ ಅಂತ ಇನ್ನೊಬ್ಬರು. ಎರಡೂ ಅಲ್ಲ. ಇದು ಕಂಪನಿಯೇ ಹಾಕಿರುವ ನಿಯಮ. ಇದು ಗೊತ್ತಿಲ್ಲದೆ ಕೆಲವರು ಚಲೋ ಕಂಟ್ರೋಲರ್ ಅನ್ನು ಮೂರು ಕಾಸಿಗೆ ಮಾರುತ್ತಾರೆ, ಕೆಲವರು ಉಪಯೋಗಕ್ಕೆ ಬಾರದ್ದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು ಅಂಗಡಿಯವರ ಜೊತೆ ಜಗಳ ಆಡುತ್ತಾರೆ. ಭಾರತದಲ್ಲಿ ಪಿಎಸ್5 ಮಾರಾಟ ಶುರುವಾಗಿದ್ದು 2021ರ ಫೆಬ್ರವರಿ 2ರಂದು, ಬೆಲೆ ಆಗ 49,990 ರೂಪಾಯಿ. ಹೆಚ್ಚುವರಿ ಕಂಟ್ರೋಲರ್ ಒಂದಕ್ಕೇ 5,990 ರೂಪಾಯಿ ಇತ್ತು. ರಾಣೆಬೆನ್ನೂರಿನಲ್ಲಿ ಆಗಲಿ, ಬ್ಯಾಡಗಿಯಲ್ಲಿ ಆಗಲಿ, ಇದು ಯೋಚನೆ ಮಾಡದೆ ಕೊಡುವ ದುಡ್ಡಲ್ಲ.

ಕನೆಕ್ಟ್ ಆಗೋದು ಬೇರೆ, ಆಟ ಆಡಿಸೋದು ಬೇರೆ

ನೆನಪಿಟ್ಟುಕೊಳ್ಳಬೇಕಾದ ಮಾತು ಇಷ್ಟೇ: ಹಳೇ ಕಂಟ್ರೋಲರ್ ನಡೆಯುತ್ತದೋ ಇಲ್ಲವೋ ಅನ್ನೋದನ್ನು ಪಿಎಸ್5ನಲ್ಲಿ ತೀರ್ಮಾನಿಸೋದು ಮಷಿನ್ ಅಲ್ಲ, ಆಟ. ಪಿಎಸ್4ರ ಡ್ಯುಯಲ್‌ಶಾಕ್ 4 ಕಂಟ್ರೋಲರ್ ಪಿಎಸ್5 ಮೇಲೆ ಪಿಎಸ್4 ಆಟಗಳನ್ನು ಆಡಿಸುತ್ತದೆ, ಪಿಎಸ್5 ಆಟಗಳನ್ನು ಆಡಿಸುವುದಿಲ್ಲ. ಸೋನಿ ಇದನ್ನು ಮಷಿನ್ ಬರುವ ಮೊದಲೇ, 2020ರ ಆಗಸ್ಟ್‌ನಲ್ಲಿ ಹೇಳಿತ್ತು. ಹೊಸ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ನಲ್ಲಿ ಬಿಗಿಯಾಗುವ ಟ್ರಿಗರ್, ಸಣ್ಣ ಸಣ್ಣ ಕಂಪನ ಇದೆ, ಪಿಎಸ್5 ಆಟಗಳು ಅದನ್ನು ಬಳಸಬೇಕು ಅನ್ನೋದು ಕಂಪನಿ ಕೊಟ್ಟ ಕಾರಣ. ಕಾರಣ ಏನೇ ಇರಲಿ, ಜೇಬಿಗೆ ಕತ್ತರಿ ಬೀಳೋದು ಗಿರಾಕಿಗೆ.

ಆದರೆ ಇಲ್ಲೇ ಒಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಅನೇಕ ಆಟಗಳು ಪಿಎಸ್4, ಪಿಎಸ್5 ಎರಡೂ ಆವೃತ್ತಿಯಲ್ಲಿ ಬರುತ್ತವೆ. ಕ್ರಿಕೆಟ್ 24 ಹಾಗೇ ಬಂದಿದೆ, ಜಿಟಿಎ 5 ಹಾಗೇ ಬಂದಿದೆ, ಫುಟ್‌ಬಾಲ್ ಆಟಗಳೂ ಬರುತ್ತಿವೆ. ಪಿಎಸ್5 ಮೇಲೆ ಪಿಎಸ್4 ಆವೃತ್ತಿಯನ್ನೇ ಹಾಕಿದರೆ ಹಳೇ ಕಂಟ್ರೋಲರ್ ನಿಶ್ಚಿಂತೆಯಿಂದ ನಡೆಯುತ್ತದೆ. ಒಬ್ಬರ ಕೈಗೆ ಹೊಸದು, ಇನ್ನೊಬ್ಬರ ಕೈಗೆ ಹಳೆಯದು ಕೊಟ್ಟರೂ ನಡೆಯುತ್ತದೆ. ಚಿತ್ರ ಸ್ವಲ್ಪ ಮಂಕು ಅನ್ನಿಸಬಹುದು, ಲೋಡಿಂಗ್ ಸ್ವಲ್ಪ ಹೊತ್ತು ತಗೋಬಹುದು. ಅಣ್ಣ-ತಮ್ಮ ಜಗಳ ಆಡದೆ ಕೂತರೆ ಸಾಕು ಅನ್ನುವ ಮನೆಗೆ ಇದು ದೊಡ್ಡ ನಷ್ಟವಲ್ಲ.

ಎರಡೂ ಆವೃತ್ತಿ ನಿಮ್ಮ ಖಾತೆಯಲ್ಲಿದ್ದರೆ, ಆಟದ ಪುಟದಲ್ಲಿ ಪ್ಲೇ ಬಟನ್ ಪಕ್ಕದ ಮೂರು ಚುಕ್ಕಿ ಒತ್ತಿದಾಗ ಗೇಮ್ ವರ್ಷನ್ ಅಂತ ಕಾಣುತ್ತದೆ, ಅಲ್ಲಿ ಪಿಎಸ್4 ಆರಿಸಿಕೊಳ್ಳಬೇಕು. ಡಿಸ್ಕ್ ತಗೊಳ್ಳುವವರು ಡಬ್ಬಿ ಮೇಲೆ ಏನು ಬರೆದಿದೆ ನೋಡಿ. ಪಿಎಸ್5 ಅಂತ ಬರೆದ ಡಿಸ್ಕ್‌ನೊಳಗೆ ಪಿಎಸ್4 ಆವೃತ್ತಿ ಇರುತ್ತದೆ ಅಂತ ನಂಬಿ ಹಣ ಕೊಡಬೇಡಿ. ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಮಾಡೆಲ್ ತಂದವರಿಗೆ ಹಳೇ ಡಿಸ್ಕ್ ಪ್ರಯೋಜನಕ್ಕೇ ಬರುವುದಿಲ್ಲ, ಅವರು ಆನ್‌ಲೈನ್ ಸ್ಟೋರ್‌ನಲ್ಲೇ ಎರಡೂ ಹೆಸರು ಇದೆಯಾ ನೋಡಿಕೊಳ್ಳಬೇಕು.

ಈ ನಿಯಮಕ್ಕೆ ಒಂದು ವಿನಾಯಿತಿ ಉಂಟು. ಪಿಎಸ್4ಗೆ ಅಂತ ಕಂಪನಿ ಪರವಾನಗಿ ಪಡೆದು ಬಂದ ಸ್ಟೀರಿಂಗ್ ವೀಲ್, ಉದಾಹರಣೆಗೆ ಲಾಜಿಟೆಕ್ ಜಿ29, ಅದನ್ನು ಬೆಂಬಲಿಸುವ ಪಿಎಸ್5 ಆಟದಲ್ಲೂ ನಡೆಯುತ್ತದೆ. ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುವ ಅಂಗಡಿಯವರು ಹಳೇ ವೀಲ್ ಮಾರುವ ಅವಸರ ಮಾಡಬಾರದು.

ಪಿಎಸ್3 ಕಂಟ್ರೋಲರ್ ಮಾತ್ರ ಪಿಎಸ್4ರಲ್ಲೂ ಇಲ್ಲ, ಪಿಎಸ್5ರಲ್ಲೂ ಇಲ್ಲ. ಉಲ್ಟಾ ದಾರಿಯೂ ಬಂದ್: ಹೊಸ ಡ್ಯುಯಲ್‌ಸೆನ್ಸ್ ತಂದು ಹಳೇ ಪಿಎಸ್4ಗೆ ಹಾಕ್ತೀವಿ ಅಂದರೆ ಆಗಲ್ಲ.

ಜೋಡಿಸುವಾಗ ಕೈಕೊಡೋದು ಕೇಬಲ್

ಹಳೇ ಕಂಟ್ರೋಲರ್‌ಗೆ ಬೇಕಾದ್ದು ಮೈಕ್ರೋ ಯುಎಸ್‌ಬಿ, ಅಂದರೆ ಹಳೇ ಮೊಬೈಲ್ ಚಾರ್ಜರ್ ಪಿನ್ನು. ಹೊಸದಕ್ಕೆ ಟೈಪ್ ಸಿ. ಕೇಬಲ್‌ನಿಂದ ಮಷಿನ್‌ಗೆ ಹಚ್ಚಿ, ನಡುವಿನ ಪಿಎಸ್ ಬಟನ್ ಒತ್ತಿದರೆ ಜೋಡಣೆ ಆಗಬೇಕು. ಆಗದಿದ್ದರೆ ನೂರಕ್ಕೆ ನೂರು ಕಂಟ್ರೋಲರ್ ಕೆಟ್ಟಿದೆ ಅಂತಲ್ಲ. ಬಸ್ ಸ್ಟ್ಯಾಂಡ್ ಕಡೆ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಒಳಗೆ ಡೇಟಾ ತಂತಿಯೇ ಇರುವುದಿಲ್ಲ. ಆ ಕೇಬಲ್‌ನಿಂದ ಮೊಬೈಲ್ ಫೋಟೊ ಕಂಪ್ಯೂಟರ್‌ಗೆ ಹೋದರೆ ಅದು ಡೇಟಾ ಕೇಬಲ್, ಹೋಗದಿದ್ದರೆ ಬೇರೆ ಹಚ್ಚಿ ನೋಡಿ. ಮೊಬೈಲ್ ಅಂಗಡಿಯವರು ಕೇಬಲ್ ಕೊಡುವಾಗ ಗಿರಾಕಿ ಯಾವುದಕ್ಕೆ ಒಯ್ಯುತ್ತಿದ್ದಾನೆ ಅಂತ ಒಂದು ಮಾತು ಕೇಳಿದರೆ ಅವನು ವಾಪಸ್ ಬರೋದು ತಪ್ಪುತ್ತದೆ.

ಕೇಬಲ್ ಇಲ್ಲದೆ ಜೋಡಿಸಲು ಹಳೇ ಕಂಟ್ರೋಲರ್‌ನ ಶೇರ್ ಬಟನ್ ಮತ್ತು ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು, ದೀಪ ಪಟಪಟ ಮಿನುಗುವ ತನಕ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸರೀಸ್, ಜನರಲ್, ಬ್ಲೂಟೂತ್ ಆಕ್ಸೆಸರೀಸ್‌ಗೆ ಹೋಗಿ ಹೆಸರು ಆರಿಸೋದು. ಒಮ್ಮೆ ಪಿಎಸ್5ಗೆ ಜೋಡಿಸಿದ ಮೇಲೆ ಅದೇ ಕಂಟ್ರೋಲರ್ ಪಿಎಸ್4ಗೆ ತಾನಾಗಿ ಹೋಗುವುದಿಲ್ಲ, ಮತ್ತೆ ಅಲ್ಲಿ ಹಚ್ಚಬೇಕು. ಹಠ ಮಾಡುತ್ತಿದ್ದರೆ ಬೆನ್ನ ಮೇಲೆ ಒಂದು ಸಣ್ಣ ತೂತು ಇದೆ, ಅದರೊಳಗೆ ಪಿನ್ನು ಹಾಕಿ ಐದು ಸೆಕೆಂಡ್ ಒತ್ತಿದರೆ ರಿಸೆಟ್ ಆಗುತ್ತದೆ.

ಕೈ ತಿರುವಿದರೆ ಆಟ ತಿರುಗೋದು ಹೆಂಗೆ?

ಬಿಜಿಎಂಐ ಆಡುವ ಹುಡುಗರಿಗೆ ಗೈರೋ ಹೊಸ ಪದವಲ್ಲ. ಮೊಬೈಲ್ ಓರೆ ಮಾಡಿ ಗುರಿ ಹಿಡಿಯೋದು ಏನಿದೆ, ಅದೇ ಕೆಲಸ ಕಂಟ್ರೋಲರ್‌ನೊಳಗೂ ನಡೆಯುತ್ತದೆ. ಒಳಗೆ ಎರಡು ಸೆನ್ಸರ್. ಕೈ ಎಷ್ಟು ವೇಗವಾಗಿ ತಿರುಗಿತು ಅಂತ ಗೈರೋಸ್ಕೋಪ್ ಅಳೆಯುತ್ತದೆ. ಭೂಮಿ ಯಾವ ಕಡೆ ಎಳೆಯುತ್ತಿದೆ, ಕೈ ಎಷ್ಟು ಜೋರಾಗಿ ಬೀಸಿತು ಅಂತ ಆಕ್ಸೆಲೆರೋಮೀಟರ್ ಹೇಳುತ್ತದೆ. ಎರಡರ ಲೆಕ್ಕ ಕೂಡಿಸಿ ಆಟ ನಿಮ್ಮ ಕೈ ಎಲ್ಲಿದೆ ಅಂತ ಊಹಿಸುತ್ತದೆ. ಗೈರೋದ ಲೆಕ್ಕದಲ್ಲಿ ಸಣ್ಣ ಸಣ್ಣ ತಪ್ಪು ಕೂಡುತ್ತಾ ಹೋಗುತ್ತದೆ, ಅದಕ್ಕೇ ಕೆಲವೊಮ್ಮೆ ಕೈ ಅಲ್ಲಾಡಿಸದಿದ್ದರೂ ಗುರಿ ತಾನಾಗಿ ಸರಿಯುತ್ತದೆ. ಕಂಟ್ರೋಲರ್ ಅನ್ನು ಸಪಾಟಾದ ಟೇಬಲ್ ಮೇಲೆ ಕೆಲವು ಸೆಕೆಂಡ್ ಅಲ್ಲಾಡದಂತೆ ಇಟ್ಟರೆ ಹೆಚ್ಚಿನ ಸಲ ಸರಿಹೋಗುತ್ತದೆ. ಸೋಫಾ, ಹಾಸಿಗೆ ಬೇಡ.

ಈ ಸೆನ್ಸರ್ ಪಿಎಸ್4 ಕಂಟ್ರೋಲರ್‌ನಲ್ಲೂ ಇದೆ, ಪಿಎಸ್5ರದ್ದರಲ್ಲೂ ಇದೆ. ಗ್ರಾನ್ ಟುರಿಸ್ಮೊ 7ರಲ್ಲಿ ಕಂಟ್ರೋಲರ್ ಅನ್ನೇ ಸ್ಟೀರಿಂಗ್ ತರ ತಿರುವಿ ಕಾರು ಓಡಿಸಬಹುದು. ಅದು ಪಿಎಸ್4 ಆವೃತ್ತಿಯಲ್ಲೂ ಬಂದಿದೆ, ಹಾಗಾಗಿ ಹಳೇ ಕಂಟ್ರೋಲರ್ ಇರೋರಿಗೂ ಸಿಗುತ್ತದೆ. ಗಾಡ್ ಆಫ್ ವಾರ್ ರಾಗ್ನರಾಕ್, ಫೋರ್ಟ್‌ನೈಟ್‌ನಲ್ಲಿ ಗೈರೋ ಗುರಿ ಸೆಟ್ಟಿಂಗ್ಸ್‌ನಲ್ಲಿ ಅಡಗಿದೆ, ಹುಡುಕಿ ಆನ್ ಮಾಡಬೇಕು. ಕಲಿಯೋಕೆ ದುಡ್ಡೇ ಬೇಡ ಅನ್ನುವವರಿಗೆ ಪಿಎಸ್5ನೊಳಗೇ ಆಸ್ಟ್ರೋಸ್ ಪ್ಲೇರೂಮ್ ಅನ್ನುವ ಪುಕ್ಕಟೆ ಆಟ ಬಂದಿರುತ್ತದೆ. ಮಕ್ಕಳಿಗಿಂತ ಅಪ್ಪಂದಿರೇ ಅದನ್ನು ಬಿಡೋದು ಕಷ್ಟ.

ತುದಿಯಲ್ಲಿ ಬಣ್ಣದ ಗುಂಡು ಇರುವ ಪಿಎಸ್ ಮೂವ್ ಕೋಲು 2010ರಲ್ಲಿ ಬಂತು. ನಮ್ಮಲ್ಲಿ ಅದಕ್ಕೆ ಒಂದು ದೇಸಿ ಆಟವೂ ಇತ್ತು: ಮುಂಬೈನ ಟ್ರೈನ್ ಗೇಮ್ಸ್ ಮಾಡಿದ ಮೂವ್ ಸ್ಟ್ರೀಟ್ ಕ್ರಿಕೆಟ್. ಕೋಲನ್ನೇ ಬ್ಯಾಟ್ ಮಾಡಿ ಗಲ್ಲಿ ಕ್ರಿಕೆಟ್ ಆಡುವುದು. ಅದು ಪಿಎಸ್3 ಆಟ. ಪಿಎಸ್3 ಡಿಸ್ಕ್ ಪಿಎಸ್5ನಲ್ಲಿ ಓಡುವುದಿಲ್ಲ. ಕೋಲು ಮಾತ್ರ ಹಳೇ ವಿಆರ್ ಕನ್ನಡಕ, ಅದರ ಕ್ಯಾಮೆರಾ, ಕ್ಯಾಮೆರಾಗೆ ಪ್ರತ್ಯೇಕ ಅಡಾಪ್ಟರ್ ಎಲ್ಲಾ ಇದ್ದರೆ ಪಿಎಸ್4ರ ವಿಆರ್ ಆಟಗಳಿಗೆ ನಡೆಯುತ್ತದೆ. ಅಷ್ಟೆಲ್ಲ ಕೂಡಿಸುವ ಬದಲು ಹಳೇ ಪಿಎಸ್3 ಹಾಗೇ ಇಟ್ಟುಕೊಳ್ಳೋದು ಲೇಸು.

ಎಕ್ಸ್‌ಬಾಕ್ಸ್, ಸ್ವಿಚ್ ಇದ್ದವರಿಗೆ

ಹಳೇ ಕಂಟ್ರೋಲರ್ ವಿಷಯದಲ್ಲಿ ಎಕ್ಸ್‌ಬಾಕ್ಸ್ ಉದಾರಿ. ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಹೊಸ ಸೀರೀಸ್ ಎಸ್, ಸೀರೀಸ್ ಎಕ್ಸ್ ಮೇಲೆ ಹೊಸ ಆಟಕ್ಕೂ ನಡೆಯುತ್ತದೆ. 360ರದ್ದು ನಡೆಯುವುದಿಲ್ಲ. ಆದರೆ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಗೈರೋ ಇಲ್ಲ, ದೇಹ ಕುಣಿಸಿ ಆಡುವ ಕೈನೆಕ್ಟ್ ಕ್ಯಾಮೆರಾಕ್ಕೆ ಹೊಸ ಮಷಿನ್‌ನಲ್ಲಿ ಜಾಗವೇ ಇಲ್ಲ. ಅನಧಿಕೃತ ಅಡಾಪ್ಟರ್ ಹಾಕಿ ಬೇರೆ ಕಂಟ್ರೋಲರ್ ಓಡಿಸುವುದನ್ನು ಮೈಕ್ರೋಸಾಫ್ಟ್ 2023ರ ನವೆಂಬರ್‌ನಿಂದ ತಡೆಯುತ್ತಿದೆ.

ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ, ದುಬೈಯಿಂದಲೋ ಬೆಂಗಳೂರಿನ ಅಂಗಡಿಯಿಂದಲೋ ಬರುತ್ತದೆ. 2025ರ ಜೂನ್ 5ರಂದು ಬಂದ ಸ್ವಿಚ್ 2 ಹಳೇ ಸ್ವಿಚ್‌ನ ಜಾಯ್‌ಕಾನ್‌ಗಳನ್ನು ವೈರ್‌ಲೆಸ್ ಆಗಿ ಒಪ್ಪುತ್ತದೆ, ಗೈರೋ ಸಮೇತ. ಬದಿಗೆ ಸಿಕ್ಕಿಸೋಕೆ ಆಗಲ್ಲ, ಯಾಕಂದ್ರೆ ಮೊದಲು ಇದ್ದದ್ದು ಜಾರುವ ಪಟ್ಟಿ, ಈಗ ಆಯಸ್ಕಾಂತ. ಅಂದರೆ ಚಾರ್ಜ್ ಮಾಡೋಕೆ ಹಳೇ ಸ್ವಿಚ್ಚೋ ಚಾರ್ಜಿಂಗ್ ಗ್ರಿಪ್ಪೋ ಬೇಕೇ ಬೇಕು. ಹಳೇ ಸ್ವಿಚ್ ಮಾರಿ ಹೊಸದು ತಗೊಳ್ಳುವವರು ಇದನ್ನು ಮರೆಯುತ್ತಾರೆ. ವ್ಯಾಯಾಮದ ರಿಂಗ್ ಫಿಟ್ ಆಡುವ ಮನೆಯಲ್ಲಂತೂ ಹಳೇ ಜಾಯ್‌ಕಾನ್ ಮಾರಲೇಬಾರದು, ಆ ಬಳೆ ಹೊಸ ಜಾಯ್‌ಕಾನ್‌ಗೆ ಕೂಡುವುದಿಲ್ಲ. ಕೈ ಬೀಸಿ ಆಡುವಾಗ ಮಣಿಕಟ್ಟಿನ ದಾರ ಹಾಕಿಕೊಳ್ಳಿ. ನಮ್ಮ ಮನೆಗಳ ಪಡಸಾಲೆಯಲ್ಲಿ ಟಿವಿಗೂ ಆಡುವವನಿಗೂ ನಡುವೆ ಇರೋದೇ ನಾಲ್ಕು ಹೆಜ್ಜೆ.

ಅಂಗಡಿಯವರು ಪರೀಕ್ಷೆ ಮಾಡೋದು ಹೇಗೆ?

ಮಾರುಕಟ್ಟೆಯಲ್ಲಿ ಡ್ಯುಯಲ್‌ಶಾಕ್ 4ರ ನಕಲು ಬಹಳ. ಬಟನ್ ಎಲ್ಲಾ ಚಲೋ ಇರುತ್ತವೆ, ಗೈರೋ ಮಾತ್ರ ಇರುವುದಿಲ್ಲ ಅಥವಾ ಉಲ್ಟಾ ತಿರುಗುತ್ತದೆ. ಕಂಪ್ಯೂಟರ್ ಇದ್ದರೆ ಸ್ಟೀಮ್ ತಂತ್ರಾಂಶದ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಹಚ್ಚಿ, ಕೈಯಲ್ಲಿ ತಿರುವಿ ನೋಡಿ, ಎರಡು ನಿಮಿಷದ ಕೆಲಸ. ಪಿಎಸ್5 ಹಂಗೇ ಕಾಣುವ ಬಿಳಿ ಡಬ್ಬಿ, ಟಿವಿಗೆ ಸಿಕ್ಕಿಸುವ ಗೇಮ್ ಸ್ಟಿಕ್ ಇವುಗಳ ಕಂಟ್ರೋಲರ್ ತಮ್ಮ ತಮ್ಮ ಡಬ್ಬಿಯ ಮಾತು ಮಾತ್ರ ಕೇಳುತ್ತವೆ, ಅವನ್ನು ಪಿಎಸ್5 ಕಂಟ್ರೋಲರ್ ಅಂತ ಕೊಟ್ಟರೆ ಗಿರಾಕಿ ಸಂಜೆಯೊಳಗೆ ಬಾಗಿಲಿಗೆ ಬರುತ್ತಾನೆ. ಬಿಲ್ಲಿನಲ್ಲಿ ಬರೀ ಕಂಟ್ರೋಲರ್ ಅಂತ ಬರೆಯದೆ "ಪಿಎಸ್5 ಮೇಲೆ ಪಿಎಸ್4 ಆಟಕ್ಕೆ ಮಾತ್ರ" ಅಂತ ಬರೆದುಕೊಟ್ಟರೆ ಇಬ್ಬರಿಗೂ ಒಳ್ಳೆಯದು.

ಇನ್ನು, ಪಿಎಸ್5ಗೆ ಬೇಡವಾದ ಡ್ಯುಯಲ್‌ಶಾಕ್ 4 ಅಸಲಿ ಇದ್ದರೆ ಗುಜರಿಗೆ ಹಾಕಬೇಡಿ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಮೊಬೈಲ್‌ಗೆ, ಐಫೋನ್‌ಗೆ ಬ್ಲೂಟೂತ್‌ನಲ್ಲಿ ಅದು ಕೂಡುತ್ತದೆ. ಶೇರ್ ಮತ್ತು ಪಿಎಸ್ ಬಟನ್ ಒತ್ತಿ ಹಿಡಿಯುವ ಅದೇ ವಿಧಾನ.